ಸೀಟು ಸಿಗುತ್ತಾ? – ಹೈಕೋರ್ಟಿನ ಎದುರಿನ ಒಂದು ಹಳೇ ಲೆಕ್ಕ

ಮೇ ತಿಂಗಳು ಬಂತೆಂದರೆ ಮದರಾಸಿನ ಕನ್ನಡದ ಮನೆಗಳಲ್ಲಿ ಒಂದೇ ಪ್ರಶ್ನೆ. (ಚೆನ್ನೈ ಅಂತ ಹೆಸರು ಬದಲಾಗಿ ಇಷ್ಟು ವರ್ಷವಾದರೂ ನನ್ನ ಬಾಯಿಗೆ ಬರುವುದು ಮದರಾಸೇ, ಏನು ಮಾಡೋದು!) "ಕಟ್-ಆಫ್ ಇಷ್ಟು ಬಂದಿದೆ, ಸೀಟು ಸಿಗುತ್ತಾ?" ಬ್ಯಾಂಕಿನವನು, ಲೆಕ್ಕ ಗೊತ್ತಿರುತ್ತೆ ಅಂತ ನನ್ನನ್ನೂ ಕೇಳುವವರಿದ್ದಾರೆ. ನಾನು ಓದಿದ್ದು ಬಿ.ಕಾಂ., ಡಾಕ್ಟರಿಕೆಗೂ ಇಂಜಿನಿಯರಿಂಗಿಗೂ ಅರ್ಜಿ ಹಾಕಿದವನೇ ಅಲ್ಲ. ಆದರೂ ಕೇಳುತ್ತಾರೆ, ನಾನೂ ಹೇಳುತ್ತೇನೆ. ಹೇಳ್ತಾ ಹೇಳ್ತಾ ಈ ಪ್ರಶ್ನೆಗೇ ಒಂದು ಚರಿತ್ರೆ ಇದೆ ಅಂತ ಗೊತ್ತಾಯಿತು. ಆ ಚರಿತ್ರೆಯ ಮುಖ್ಯ ಪುಟ ಬರೆದದ್ದು ನಮ್ಮ ಪ್ಯಾರೀಸ್ ಕಾರ್ನರಿನಲ್ಲೇ.

ನೋಡದವರಿಗಾಗಿ ಜಾಗ ಹೇಳಿಬಿಡುತ್ತೇನೆ. ಥಾಮಸ್ ಪ್ಯಾರಿ ಎಂಬ ವ್ಯಾಪಾರಿ 1788ರಲ್ಲಿ ಮದರಾಸಿನಲ್ಲಿ ವ್ಯವಹಾರ ಶುರು ಮಾಡಿದ. ಅವನ ಕಂಪನಿಯ ಹೆಸರೇ ಈ ಮೂಲೆಗೆ ನಿಂತಿತು. ಈಗಿರುವ ಡೇರ್ ಹೌಸ್ ಕಟ್ಟಡ 1940ರದು. ಅದಕ್ಕೆ ಬೆನ್ನು ಕೊಟ್ಟು ನಿಂತರೆ ಎನ್.ಎಸ್.ಸಿ. ಬೋಸ್ ರಸ್ತೆಯ ಆಚೆ ಹೈಕೋರ್ಟಿನ ಕೆಂಪು ಗೋಪುರಗಳು. ಅದು ತೆರೆದದ್ದು 1892ರಲ್ಲಿ. ಇದೇ ಎಸ್ಪ್ಲನೇಡಿನ ಸಾಲಿನಲ್ಲಿ 1937ರವರೆಗೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಇತ್ತು, ಆಮೇಲೆ ತಾಂಬರಂಗೆ ಹೋಯಿತು. ಒಂದು ಕಡೆ ನಡೆದರೆ ಸೆಂಟ್ರಲ್ ಸ್ಟೇಷನ್ನಿನ ಎದುರು ಮದ್ರಾಸ್ ಮೆಡಿಕಲ್ ಕಾಲೇಜು, 1835ರದು. ಇನ್ನೊಂದು ಕಡೆ ಹೋದರೆ ರಾಯಪುರದ ಹತ್ತಿರ ಸ್ಟಾನ್ಲಿ ಮೆಡಿಕಲ್ ಕಾಲೇಜು. ಅಂದರೆ ಸೀಟು ಇರುವ ಕಾಲೇಜುಗಳೂ, ಸೀಟು ಯಾರಿಗೆ ಅಂತ ತೀರ್ಮಾನಿಸಿದ ಕೋರ್ಟೂ ಒಂದೇ ಓಣಿಯ ಆಸುಪಾಸು.

ಈಗ 1950ಕ್ಕೆ ಹೋಗೋಣ. ಸಂವಿಧಾನ ಜಾರಿಗೆ ಬಂದು ಇನ್ನೂ ಐದು ತಿಂಗಳು ಆಗಿಲ್ಲ. ಜೂನ್ 7ರಂದು ಶ್ರೀಮತಿ ಚಂಪಕಂ ದೊರೈರಾಜನ್ ಎಂಬವರು ಈ ಹೈಕೋರ್ಟಿಗೆ ಅರ್ಜಿ ಹಾಕಿದರು. ಅವರು 1934ರಲ್ಲೇ ಬಿ.ಎ. ಪಾಸು ಮಾಡಿದವರು. ಪದವಿ ಮುಗಿದು 16 ವರ್ಷದ ಮೇಲೆ ಮೆಡಿಕಲ್ ಓದಬೇಕೆಂದು ಹೊರಟಿದ್ದರು. ವಿಚಾರಿಸಿದಾಗ, ಬ್ರಾಹ್ಮಣ ಸಮುದಾಯದವರಾದ್ದರಿಂದ ನಿಮಗೆ ಸೀಟು ಸಿಗುವುದಿಲ್ಲ ಎಂದು ತಿಳಿಯಿತಂತೆ. ಸ್ವಾರಸ್ಯ ಏನೆಂದರೆ, ಅವರು ಕಾಲೇಜಿಗೆ ಅರ್ಜಿಯನ್ನೇ ಹಾಕಿದ್ದಂತೆ ಕಾಣುವುದಿಲ್ಲ! ಇದನ್ನು ಆಮೇಲೆ ಸುಪ್ರೀಂ ಕೋರ್ಟೇ ಗಮನಿಸಿತು. ಗೆದ್ದರೆ ಇವರಿಗೊಂದು ಸೀಟು ಕಾದಿರಿಸುತ್ತೇವೆ ಎಂದು ಸರ್ಕಾರ ಒಪ್ಪಿಕೊಂಡಿದ್ದರಿಂದ ಆ ವಿಷಯ ಮುಂದುವರಿಸಲಿಲ್ಲ, ಆದರೆ ಅರ್ಜಿ ಹಾಕದೆಯೇ ದೂರು ತರುವುದನ್ನು ತಾನು ಒಪ್ಪಿದಂತೆ ತಿಳಿಯಬಾರದು ಎಂದೂ ಹೇಳಿತು.

ಭಾರತದ ಮೀಸಲಾತಿ ಚರಿತ್ರೆಯ ಅತಿ ದೊಡ್ಡ ಮೊಕದ್ದಮೆ ಶುರುವಾದದ್ದು ಹೀಗೆ. "ನನಗೆ ಸಿಗುತ್ತಾ?" ಎಂದು ಕೇಳಿ, ಉತ್ತರ ಮೊದಲೇ ಗೊತ್ತಾಗಿ, ಆ ಉತ್ತರದ ಮೇಲೇ ಹೂಡಿದ ದಾವೆ ಅದು.

ಉತ್ತರ ಮೊದಲೇ ಹೇಗೆ ಗೊತ್ತಾಯಿತು? ಅದಕ್ಕೆ ಕಮ್ಯೂನಲ್ ಜಿ.ಓ. ಎಂಬ ಸರ್ಕಾರಿ ಆಜ್ಞೆ ನೋಡಬೇಕು. 1920ರಲ್ಲಿ ಅಧಿಕಾರಕ್ಕೆ ಬಂದ ಜಸ್ಟಿಸ್ ಪಕ್ಷದ ಸರ್ಕಾರ 1921ರಲ್ಲಿ ಇದರ ಮೊದಲ ರೂಪ ತಂದಿತು. ಸರ್ಕಾರಿ ಕೆಲಸ, ಓದು ಎಲ್ಲವೂ ಒಂದೆರಡು ಸಮುದಾಯಗಳ ಕೈಯಲ್ಲೇ ಇದೆ ಎಂಬ ದೂರು ಸುಳ್ಳಾಗಿರಲಿಲ್ಲ. ನಮ್ಮ ಮೈಸೂರಿನಲ್ಲೂ ಅದೇ ದೂರಿನ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತ್ತು. ಮದರಾಸಿನ ಆಜ್ಞೆ 1927ರಲ್ಲಿ 12ರ ಲೆಕ್ಕದಲ್ಲಿ ನಡೆಯಿತು, 1947ರಲ್ಲಿ 14ರ ಲೆಕ್ಕಕ್ಕೆ ಬದಲಾಯಿತು. ಕಾಲೇಜು ಸೀಟುಗಳಿಗೂ ಅದೇ ಲೆಕ್ಕ. ಪ್ರತಿ 14 ಸೀಟಿನಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸಲ್ಮಾನರಿಗೆ 1. ಕೂಡಿ ನೋಡಿ, ಸರಿಯಾಗಿ 14.

ಗಮನಿಸಿದಿರಾ? ಇಲ್ಲಿ 'ಎಲ್ಲರಿಗೂ' ಎಂಬ ಸಾಲೇ ಇಲ್ಲ. ಪ್ರತಿಯೊಬ್ಬರೂ ಯಾವುದಾದರೂ ಒಂದು ಸಾಲಿನಲ್ಲಿ ನಿಲ್ಲಲೇಬೇಕು, ಆ ಸಾಲಿನಿಂದ ಈಚೆ ಬರುವ ಹಾಗಿಲ್ಲ.

ಈಗ ಒಬ್ಬ ಕನ್ನಡದ ಹುಡುಗನ ಕಣ್ಣಿನಿಂದ ಲೆಕ್ಕ ಹಾಕೋಣ. ಆಗ ಮದ್ರಾಸ್ ರಾಜ್ಯದಲ್ಲಿ ಮಂಗಳೂರು, ಉಡುಪಿ, ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಜಿಲ್ಲೆ ಇತ್ತು, ಬಳ್ಳಾರಿಯೂ ಇತ್ತು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ದಕ್ಷಿಣ ಕನ್ನಡ 1956ರಲ್ಲಿ (ಕಾಸರಗೋಡು ಕೇರಳದ ಪಾಲಾದದ್ದೂ ಆಗಲೇ). ಇಡೀ ರಾಜ್ಯಕ್ಕೆ ನಾಲ್ಕು ಸರ್ಕಾರಿ ಮೆಡಿಕಲ್ ಕಾಲೇಜು: ಮದರಾಸಿನಲ್ಲಿ ಎರಡು, ವಿಶಾಖಪಟ್ಟಣದಲ್ಲಿ ಒಂದು, ಗುಂಟೂರಿನಲ್ಲಿ ಒಂದು. ಕನ್ನಡ ಜಿಲ್ಲೆಗಳಲ್ಲಿ ಒಂದೂ ಇಲ್ಲ. ಒಟ್ಟು ಸೀಟು 330. 1951ರ ಜನಗಣತಿಯಲ್ಲಿ ಆ ರಾಜ್ಯದ ಜನಸಂಖ್ಯೆ 5 ಕೋಟಿ 70 ಲಕ್ಷ!

ಆ 330ರಲ್ಲಿ ಹೊರರಾಜ್ಯದವರಿಗೆ 17, ಸರ್ಕಾರದ ವಿವೇಚನೆಗೆ 12. ಉಳಿದದ್ದು 301. ಅದನ್ನು ನಾಲ್ಕು ಜಿಲ್ಲಾ ಗುಂಪುಗಳಿಗೆ ಹಂಚಬೇಕು. ಸಮವಾಗಿ ಹಂಚಿದರು ಅಂತ ಇಟ್ಟುಕೊಂಡರೆ ಒಂದು ಗುಂಪಿಗೆ 75. ಆ 75ರಲ್ಲಿ 14ಕ್ಕೆ 2 ಅಂದರೆ ಹತ್ತು ಹನ್ನೊಂದು ಸೀಟು. 14ಕ್ಕೆ 1 ಅಂದರೆ ಐದು. ಒಟ್ಟು ಸೀಟಿನಲ್ಲಿ ಶೇಕಡಾ 20 ಕಡಿಮೆಯೆಂದರೂ ಹೆಣ್ಣುಮಕ್ಕಳಿಗೆ, ಅದೂ ಪ್ರದೇಶವಾರು. ಉಳಿದದ್ದನ್ನು ನೀವೇ ಕಳೆದುಕೊಳ್ಳಿ. ಕಾಸರಗೋಡಿನ ಒಬ್ಬ ಮುಸ್ಲಿಂ ಹುಡುಗ, ಉಡುಪಿಯ ಒಬ್ಬ ಬ್ರಾಹ್ಮಣ ಹುಡುಗ, ಬಳ್ಳಾರಿಯ ಒಬ್ಬ ಹರಿಜನ ಹುಡುಗ, ಯಾರೇ ಆಗಲಿ, ಅವರ ಮಟ್ಟಿಗೆ ಸೀಟು 330 ಅಲ್ಲ. ಕೈಬೆರಳಲ್ಲಿ ಎಣಿಸುವಷ್ಟು.

ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ, ಖಾತೆಯಲ್ಲಿರುವ ಹಣ ಬೇರೆ, ನೀವು ತೆಗೆಯಬಹುದಾದ ಹಣ ಬೇರೆ.

ಚಂಪಕಂ ಅವರ ಜೊತೆಗೇ ಇನ್ನೊಂದು ಅರ್ಜಿ ಬಂತು, ಸಿ.ಆರ್. ಶ್ರೀನಿವಾಸನ್ ಎಂಬವರದು. ಇವರು ಗಿಂಡಿ ಇಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದವರು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ಸೇರಿ 450ಕ್ಕೆ 369 ಅಂಕ. ಆಗಿನ ಕಾಲಕ್ಕೆ ಅದು ಸಣ್ಣ ಅಂಕವಲ್ಲ. ನಾಲ್ಕು ಇಂಜಿನಿಯರಿಂಗ್ ಕಾಲೇಜು, 395 ಸೀಟು, ಹಂಚಿಕೆ ಅದೇ ಮಾದರಿ. ಅಂಕದ ಮೇಲಷ್ಟೇ ಆಯ್ಕೆ ಮಾಡಿದ್ದರೆ ಇವರಿಬ್ಬರಿಗೂ ಸೀಟು ಸಿಗುತ್ತಿತ್ತು ಎಂದು ಸರ್ಕಾರದ ವಕೀಲರೇ ಒಪ್ಪಿಕೊಂಡರು.

ಹೈಕೋರ್ಟು 1950ರ ಜುಲೈ 27ರಂದು ಆಜ್ಞೆಯನ್ನು ರದ್ದು ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು, 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳೂ ಅದೇ ತೀರ್ಪು ಕೊಟ್ಟರು. ಮದರಾಸಿನಲ್ಲಿ ದೊಡ್ಡ ಪ್ರತಿಭಟನೆಗಳಾದವು. ಅದೇ ವರ್ಷ ಜೂನಿನಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂತು. ಹಿಂದುಳಿದವರಿಗಾಗಿ ರಾಜ್ಯ ವಿಶೇಷ ಏರ್ಪಾಡು ಮಾಡಬಹುದು ಎಂಬ 15(4)ನೇ ವಿಧಿ ಸೇರಿದ್ದು ಆಗಲೇ. ಅಂದರೆ ಹಿಂದುಳಿದವರ ಸಾಲುಗಳು ಉಳಿದವು, ಆದರೆ ಎಲ್ಲರಿಗೂ ತೆರೆದ ಒಂದು ಸಾಲು ಹೊಸದಾಗಿ ಹುಟ್ಟಿತು. ಯಾರು ಸರಿ ಯಾರು ತಪ್ಪು ಅಂತ ಇವತ್ತಿಗೂ ಜಗಳ ಇದೆ. ನನಗೆ ಅನ್ನಿಸುವುದು ಇಷ್ಟು: ಒಂದು ಶತಮಾನ ಕಾಲೇಜಿನ ಬಾಗಿಲೇ ಕಾಣದ ಮನೆಗಳಿಗೆ ಆ ಸಾಲು ಬೇಕಿತ್ತು. ಸಾಲಿನ ಗೋಡೆ ದಾಟಲೇಬಾರದು ಎಂಬುದು ಬೇಕಿರಲಿಲ್ಲ.

ನಮ್ಮ ಕರಾವಳಿಯವರು ಇನ್ನೊಂದು ದಾರಿ ಹುಡುಕಿದರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಆಗ ಅದು ಮದ್ರಾಸ್ ರಾಜ್ಯವೇ. ಸರ್ಕಾರದ ಸೀಟಿಗೆ ಕಾಯುವ ಬದಲು ಓದುವವರ ಹಣದಿಂದಲೇ ಕಾಲೇಜು ನಡೆಸುವ ದಾರಿ. ಲೆಕ್ಕಕ್ಕೆ ಹೊಸದೊಂದು ಸಾಲು ಬಂತು, ದುಡ್ಡಿನ ಸಾಲು. ಆಮೇಲೆ ಕರ್ನಾಟಕದಲ್ಲಿ ಅದು ಎಲ್ಲಿಗೆ ಮುಟ್ಟಿತು ಅಂತ ನಿಮಗೇ ಗೊತ್ತು. 1989ರ ಆದೇಶದಂತೆ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಶುಲ್ಕ ಸರ್ಕಾರಿ ಸೀಟಿಗೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಮೀರತ್ತಿನ ಮೋಹಿನಿ ಜೈನ್ ತುಮಕೂರಿನ ಕಾಲೇಜಿನ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ಗೆದ್ದರು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಕರ್ನಾಟಕದ ಸಿಇಟಿ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಮತ್ತೆ ಲೆಕ್ಕ ಬದಲಿಸಿತು, ಆ ಮೊಕದ್ದಮೆಯ ಹೆಸರೂ ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ.

ಇರಲಿ, ಮದರಾಸಿಗೆ ವಾಪಸ್ ಬರೋಣ. ಸಾಲು ಯಾವುದು ಅಂತ ಗೊತ್ತಾದರೂ ಆ ಸಾಲಿನಲ್ಲಿ ನಿಮ್ಮ ನಂಬರ್ ಎಷ್ಟು ಅಂತ ಗೊತ್ತಾಗಬೇಕಲ್ಲ? ಅದಕ್ಕೂ ಬಹಳ ಕಾಲ ಹಿಡಿಯಿತು. ಸೀಟನ್ನು ಜಿಲ್ಲೆವಾರು ಹಂಚುವ ಕ್ರಮವನ್ನು ಸುಪ್ರೀಂ ಕೋರ್ಟು 1968ರಲ್ಲಿ ರಾಜೇಂದ್ರನ್ ಮೊಕದ್ದಮೆಯಲ್ಲಿ ತೆಗೆದುಹಾಕಿತು. ಒಂದು ಜಿಲ್ಲೆಯ ಒಳ್ಳೆಯ ವಿದ್ಯಾರ್ಥಿ ಹೊರಗುಳಿದು, ಇನ್ನೊಂದು ಜಿಲ್ಲೆಯ ಕಡಿಮೆ ಅಂಕದವನು ಒಳಗೆ ಹೋಗಬಹುದಲ್ಲ ಎಂಬುದು ಕಾರಣ. 1970ರಲ್ಲಿ ಪೆರಿಯಕರುಪ್ಪನ್ ಮೊಕದ್ದಮೆ. ಆಗ ತಮಿಳುನಾಡಿನಲ್ಲಿ ಒಟ್ಟು 275 ಅಂಕದಲ್ಲಿ 75 ಅಂಕ ಸಂದರ್ಶನಕ್ಕೆ. ನೂರಾರು ಮಕ್ಕಳು ಒಂದೆರಡು ಅಂಕದ ಅಂತರದಲ್ಲಿ ನಿಂತಿರುವಾಗ 75 ಅಂಕ ನಾಲ್ಕು ಜನರ ಕೈಯಲ್ಲಿದ್ದರೆ ಮನೆಯಲ್ಲಿ ಕೂತು ಲೆಕ್ಕ ಹಾಕುವುದು ಹೇಗೆ ಸ್ವಾಮಿ? ಇದು ಮೇಲುನೋಟಕ್ಕೇ ಜಾಸ್ತಿಯಾಯಿತು ಎಂದಿತು ಕೋರ್ಟು. ಮೈಸೂರಿನಲ್ಲೂ ಸಂದರ್ಶನಕ್ಕೆ ಶೇಕಡಾ 25 ಅಂಕ ಇತ್ತು, ಅದು 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಕೋರ್ಟಿನ ಒಪ್ಪಿಗೆ ಪಡೆದಿತ್ತು.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ಹಳೇ ಕಥೆ ಅನ್ನಿಸಲಿಕ್ಕಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲಿನ ಮೊಕದ್ದಮೆಯಲ್ಲಿ ದೊಡ್ಡ ಚರ್ಚೆಯಾದದ್ದು ಅಲ್ಲಿನ ಸಿಬ್ಬಂದಿ ಅರ್ಜಿದಾರರ ವ್ಯಕ್ತಿತ್ವಕ್ಕೆ ಕೊಡುತ್ತಿದ್ದ ದರ್ಜೆ. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗ ಪರಿಗಣಿಸುವ ಪದ್ಧತಿಯನ್ನು ರದ್ದು ಮಾಡಿತು. ಆದರೆ ಪ್ರಬಂಧ, ಶಿಫಾರಸು ಪತ್ರ, ವ್ಯಕ್ತಿತ್ವ ಇವೆಲ್ಲ ಉಳಿದಿವೆ. ಹಾಗಾಗಿ ಅಲ್ಲಿನ ತಂದೆತಾಯಿಗೆ ಇಂದಿಗೂ ತಮ್ಮ ಮಗುವಿನ ನಂಬರ್ ಗೊತ್ತಾಗುವುದಿಲ್ಲ.

ತಮಿಳುನಾಡಿನಲ್ಲಿ 1984ರಲ್ಲಿ ಎಂ.ಜಿ.ಆರ್. ಸರ್ಕಾರ ಪ್ರವೇಶ ಪರೀಕ್ಷೆ ತಂದಿತು. ಪ್ಲಸ್ ಟೂ ಅಂಕ 200ಕ್ಕೆ, ಪ್ರವೇಶ ಪರೀಕ್ಷೆ 100ಕ್ಕೆ, ಒಟ್ಟು 300ಕ್ಕೆ ಕಟ್-ಆಫ್ ಅಂತ ನಮ್ಮ ಹಳೇ ಮದರಾಸಿಗರು ಹೇಳುವುದು ಇದನ್ನೇ. 1997ರಲ್ಲಿ ಅಣ್ಣಾ ವಿಶ್ವವಿದ್ಯಾಲಯದ ಏಕಗವಾಕ್ಷಿ ಕೌನ್ಸೆಲಿಂಗ್ ಬಂತು. ಯಾವ ಕಾಲೇಜಿನಲ್ಲಿ, ಯಾವ ಸಾಲಿನಲ್ಲಿ, ಇನ್ನೆಷ್ಟು ಸೀಟು ಉಳಿದಿದೆ ಎಂದು ಎಲ್ಲರ ಕಣ್ಣೆದುರು ಪರದೆಯ ಮೇಲೆ! 2007ರಿಂದ ಪ್ರವೇಶ ಪರೀಕ್ಷೆ ರದ್ದಾಗಿ ಕಟ್-ಆಫ್ 200ಕ್ಕೆ ಇಳಿಯಿತು. 2017ರಿಂದ ಮೆಡಿಕಲ್ಲಿಗೆ ನೀಟ್. 2018ರಿಂದ ಇಂಜಿನಿಯರಿಂಗ್ ಕೌನ್ಸೆಲಿಂಗ್ ಆನ್‌ಲೈನ್. 2020ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಮೆಡಿಕಲ್ಲಿನಲ್ಲಿ ಶೇಕಡಾ 7.5ರ ಒಳಸಾಲು. 1950ರಲ್ಲಿ ಕಚೇರಿಯಲ್ಲಿ ಯಾರನ್ನೋ ವಿಚಾರಿಸಿ ತಿಳಿಯಬೇಕಿದ್ದ ಉತ್ತರ ಈಗ ಹಿಂದಿನ ವರ್ಷದ ಪಟ್ಟಿಯಲ್ಲಿ ಅಚ್ಚಾಗಿ ಸಿಗುತ್ತದೆ. ನನ್ನ ಪ್ರಕಾರ ಇಷ್ಟು ಮೊಕದ್ದಮೆಗಳ ನಿಜವಾದ ಗಳಿಕೆ ಇದು. ಪಟ್ಟಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ, ಆದರೆ ಎಲ್ಲರಿಗೂ ಕಾಣುವಂತಾಯಿತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ ನಮ್ಮಂಥ ವಲಸಿಗರಿಗೆ ಈ ಪಟ್ಟಿಯಲ್ಲಿ ಒಂದು ಗುಂಡಿ ಇದೆ, ಅದು ಬಹಳ ಮನೆಗಳಿಗೆ ಕೊನೆಯ ವಾರದಲ್ಲಿ ಗೊತ್ತಾಗುತ್ತದೆ. ತಮಿಳುನಾಡಿನಲ್ಲಿ ಮೀಸಲಾತಿ ಒಟ್ಟು ಶೇಕಡಾ 69. ತೆರೆದ ಸಾಲು, ಇಲ್ಲಿನವರು ಓಸಿ ಅನ್ನುವುದು, ಶೇಕಡಾ 31. ಬೇರೆ ರಾಜ್ಯದ ಮೂಲದವರ ಮಕ್ಕಳು ಎಂಟರಿಂದ ಹನ್ನೆರಡನೇ ತರಗತಿವರೆಗೆ ಇಲ್ಲಿ ಓದಿದ್ದರೆ ಇಂಜಿನಿಯರಿಂಗಿಗೆ ಅರ್ಜಿ ಹಾಕಬಹುದು, ಆದರೆ ಓಸಿಯಲ್ಲಿ ಮಾತ್ರ. ಕರ್ನಾಟಕದಲ್ಲಿ ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಏನೇ ಇರಲಿ, ಆ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ.

ಇದಕ್ಕೂ ಒಂದು ಮೊಕದ್ದಮೆ ಇದೆ, ಓದಿದರೆ ವರ್ಗಾವಣೆಯ ನೌಕರಿಯವರಿಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ. ಆಂಧ್ರದ ತೆನಾಲಿಯ ಮರ್ರಿ ಚಂದ್ರಶೇಖರ ರಾವ್ ಎಂಬ ಹುಡುಗ, ಪರಿಶಿಷ್ಟ ಪಂಗಡದವನು. ತಂದೆಗೆ ಸಾರ್ವಜನಿಕ ರಂಗದ ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸ, ಹಾಗಾಗಿ ಸಂಸಾರ ಬೊಂಬಾಯಿಗೆ. ಹುಡುಗ ಅಲ್ಲೇ ಬೆಳೆದ, ಅಲ್ಲೇ ಮೆಡಿಕಲ್ಲಿಗೆ ಅರ್ಜಿ ಹಾಕಿದ. ಮಹಾರಾಷ್ಟ್ರದ ಪಟ್ಟಿಯಲ್ಲಿ ಆ ಪಂಗಡ ಇಲ್ಲ ಅಂತ ಸೀಟು ಇಲ್ಲ. 1990ರಲ್ಲಿ ಸುಪ್ರೀಂ ಕೋರ್ಟು, ಈ ಮಾನ್ಯತೆ ಮೂಲ ರಾಜ್ಯಕ್ಕೆ ಸಂಬಂಧಪಟ್ಟದ್ದು, ಊರು ಬಿಟ್ಟವರ ಜೊತೆ ಅದು ಪ್ರಯಾಣ ಮಾಡುವುದಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಅದೇ ಕೊಯಮತ್ತೂರು, ಕೃಷ್ಣಗಿರಿ ಕಡೆ ತಲೆಮಾರುಗಳಿಂದ ಇರುವ ಕನ್ನಡದ ದೇವಾಂಗರು, ಒಕ್ಕಲಿಗರು ತಮಿಳುನಾಡಿನ ಪಟ್ಟಿಯಲ್ಲೇ ಇದ್ದಾರೆ. ಅದೇ ಜಾತಿ, ಅದೇ ಮನೆಮಾತು, ಅಜ್ಜ ಯಾವ ಊರಿನಲ್ಲಿದ್ದ ಎಂಬುದರ ಮೇಲೆ ಮೊಮ್ಮಗನ ಸಾಲು.

ನಮ್ಮ ಮನೆಯಲ್ಲೂ ಆದದ್ದೇ. 2016ರಲ್ಲಿ ಮಗಳ ಸರ್ಟಿಫಿಕೇಟ್ ಹಿಡಿದು ಒಂದು ಕಚೇರಿಗೆ ಹೋದೆ. ಅಲ್ಲಿನವರು ನೋಡಿ, "ಇದು ನಿಮ್ಮ ಊರಲ್ಲಿ ಸಾರ್" ಅಂದು ಮಡಿಸಿ ಕೊಟ್ಟರು. ಇಪ್ಪತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದವನಿಗೆ 'ನಿಮ್ಮ ಊರು' ಎಂಬ ಮಾತು ಚುಚ್ಚಿತು. ಆದರೆ ಆ ಮನುಷ್ಯ ಹೇಳಿದ್ದು ಕಾನೂನೇ. ಓಸಿ ಸಾಲಿನ ಹಿಂದಿನ ವರ್ಷದ ಪಟ್ಟಿ ಹಿಡಿದು ಕೂತೆವು. ಮೊದಲು ಬಯಸಿದ ಕಾಲೇಜು ಸಿಗಲಿಲ್ಲ, ಪಟ್ಟಿ ಹೇಳಿದ್ದ ಕಾಲೇಜು ಸಿಕ್ಕಿತು. ಅವಳಿಗೆ ಬೇಸರವಾಯಿತು, ಆಘಾತವಾಗಲಿಲ್ಲ. ಮೊದಲೇ ಗೊತ್ತಿರುವುದರ ಪ್ರಯೋಜನ ಅಷ್ಟೇ, ಆದರೆ ಅದು ಸಣ್ಣದಲ್ಲ.

ಕೇಳುವವರಿಗೆ ನಾನು ಹೇಳುವುದು ನಾಲ್ಕು ಮಾತು. ಒಂದು, ಒಟ್ಟು ಸೀಟು ಮರೆತುಬಿಡಿ, ನಿಮ್ಮ ಸಾಲಿನ ಸೀಟು ಎಣಿಸಿ. ಎರಡು, ಯಾವ ಸಾಲು ಎಂಬುದನ್ನು ಹತ್ತನೇ ತರಗತಿಯಲ್ಲೇ ತಿಳಿದುಕೊಳ್ಳಿ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಮನೆಯಲ್ಲಿ ಮಗುವಿಗೆ ಕನ್ನಡ ಓದು ಬರಹ ಕಲಿಸಿದ್ದಕ್ಕೆ ಇದೂ ಒಂದು ಉಪಯೋಗ! ಆ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನೋಡಿ, ಪಕ್ಕದ ಮನೆಯವರ ಮಾತು ಬೇಡ. ಮೂರು, ಮೊದಲ ರ್‍ಯಾಂಕಿನವರ ಫೋಟೋ ನೋಡಬೇಡಿ, ಹೋದ ವರ್ಷ ನಿಮ್ಮ ಸಾಲಿನಲ್ಲಿ ಕೊನೆಗೆ ಒಳಗೆ ಹೋದವರ ಅಂಕ ನೋಡಿ. ಒಂದು ವರ್ಷದ್ದಲ್ಲ, ಮೂರು ವರ್ಷದ್ದು. ನಾಲ್ಕು, ಪರೀಕ್ಷೆಯ ಕ್ರಮವೋ ಸೀಟಿನ ಸಂಖ್ಯೆಯೋ ಬದಲಾದ ವರ್ಷ ಹಳೇ ಪಟ್ಟಿಯನ್ನು ಅರ್ಧ ಮಾತ್ರ ನಂಬಿ.

ಇಷ್ಟು ಮಾಡಿದರೂ ಗೆರೆಯ ಹತ್ತಿರ ಲೆಕ್ಕ ನಿಂತುಹೋಗುತ್ತದೆ. ತಮಿಳುನಾಡಿನ ಇಂಜಿನಿಯರಿಂಗ್ ಪಟ್ಟಿಯಲ್ಲಿ ಒಂದೇ ಕಟ್-ಆಫ್ ಬಂದವರಿದ್ದರೆ ಗಣಿತದ ಅಂಕ ನೋಡುತ್ತಾರೆ, ಆಮೇಲೆ ಭೌತಶಾಸ್ತ್ರ, ಹೀಗೇ ಹೋಗಿ ಹುಟ್ಟಿದ ದಿನಾಂಕ, ಅದೂ ಸಮವಾದರೆ ಕಂಪ್ಯೂಟರ್ ಎತ್ತಿದ ರಾಂಡಮ್ ನಂಬರ್. ಸರ್ಕಾರವೇ ಅಧಿಕೃತವಾಗಿ ಹೇಳುತ್ತಿದೆ, ಇಲ್ಲಿಂದ ಮುಂದೆ ಯೋಗ್ಯತೆ ಅಳೆಯಲು ನಮ್ಮಲ್ಲಿ ಮಾಪನ ಇಲ್ಲ ಅಂತ. ಕಾಲು ಅಂಕದಲ್ಲಿ ಸೀಟು ತಪ್ಪಿದ ಮಗುವಿಗೆ "ಇನ್ನೂ ಸ್ವಲ್ಪ ಓದಬೇಕಿತ್ತು" ಎನ್ನುವ ಮುಂಚೆ ಆ ರಾಂಡಮ್ ನಂಬರನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು, ಏನಂತೀರಿ?